ಎಂಟು ತಾಸಿನ ಗ್ರೆನೇಡಾ

ಸೇಂಟ್ ಜಾರ್ಜಸ್ ಬಂದರಿನಲ್ಲಿ ಹಡಗಿನಿಂದ ಇಳಿದು ಟರ್ಮಿನಲ್ ದಾಟಿದವರಿಗೆ ಬೇಗನೆ ಕಣ್ಣಿಗೆ ಬೀಳುವುದು ಮಸಾಲೆ ಸರದ ವ್ಯಾಪಾರ. ಜಾಯಿಕಾಯಿ, ಚಕ್ಕೆ, ಲವಂಗ, ಒಣಶುಂಠಿ, ಅರಿಶಿನದ ಕೊಂಬು ಎಲ್ಲವನ್ನೂ ದಾರದಲ್ಲಿ ಪೋಣಿಸಿದ ಸರ ಅದು. ಮನೆಯಲ್ಲಿ ಒಂದು ಮೊಳೆಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಪರಿಮಳ ಬೀರುತ್ತದೆ. ಸರ ಮಾರುವ ಹೆಂಗಸರ ಹಿಂದೆ ಟ್ಯಾಕ್ಸಿಯವರು, ಅವರ ಹಿಂದೆ ಕೆಂಪು ಮಾಡಿನ ಮನೆಗಳನ್ನು ಹೊತ್ತ ಕಡಿದಾದ ಗುಡ್ಡ. ಒಂದು ಇಡೀ ದೇಶವನ್ನು ಪ್ರಯಾಣಿಕರು ಇಲ್ಲಿ ಒಂದು ಹಗಲಿನಲ್ಲಿ ನೋಡಿ ಮುಗಿಸಬೇಕು.

ಗ್ರೆನೇಡಾ ಕೆರಿಬಿಯನ್ ಸಮುದ್ರದ ಆಗ್ನೇಯ ಅಂಚಿನಲ್ಲಿ, ಟ್ರಿನಿಡಾಡ್‌ಗೆ ಉತ್ತರದಲ್ಲಿರುವ ಪುಟ್ಟ ದ್ವೀಪರಾಷ್ಟ್ರ. ಜನಸಂಖ್ಯೆ ಸುಮಾರು 1.2 ಲಕ್ಷ. ಆದರೆ ಕ್ರೂಸ್ ಹಡಗುಗಳಲ್ಲಿ ಬಂದು ಹೋಗುವವರೇ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲವಾದ್ದರಿಂದ ಹಡಗುಗಳ ಹಂಗಾಮು ಮುಖ್ಯವಾಗಿ ನವೆಂಬರ್‌ನಿಂದ ಏಪ್ರಿಲ್. ಬಾರ್ಬಡೋಸ್ ಅಥವಾ ಪೋರ್ಟೊ ರಿಕೊದಿಂದ ಹೊರಟ ಹಡಗುಗಳು ದಿನಕ್ಕೊಂದು ದ್ವೀಪದಂತೆ ತಿರುಗುತ್ತಾ ಇಲ್ಲಿಗೂ ಬರುತ್ತವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಚಳಿಗಾಲದ ರಜೆಯಲ್ಲಿ ಇದು ಕೈಗೆಟಕುವ ಪ್ರವಾಸ.

ಒಂದು ದಿನದ ಈ ಭೇಟಿಗೆ ತನ್ನದೇ ಕಟ್ಟುಪಾಡುಗಳಿವೆ. ಹಡಗು ಸಾಮಾನ್ಯವಾಗಿ ಬೆಳಿಗ್ಗೆ ಎಂಟರ ಹೊತ್ತಿಗೆ ಧಕ್ಕೆಗೆ ಬಂದು ಸಂಜೆ ಐದರ ಆಸುಪಾಸಿಗೆ ಹೊರಡುತ್ತದೆ. ಹೊರಡುವ ಅರ್ಧ ಗಂಟೆ ಮೊದಲು ಎಲ್ಲರೂ ಒಳಗಿರಬೇಕು. ಇಳಿಯುವಾಗಲೂ ಹತ್ತುವಾಗಲೂ ಹಡಗಿನವರು ಕೊಟ್ಟ ಕಾರ್ಡನ್ನು ಯಂತ್ರಕ್ಕೆ ತೋರಿಸುವುದರಿಂದ ಯಾರು ಇನ್ನೂ ದಡದಲ್ಲಿದ್ದಾರೆ ಎಂಬ ಲೆಕ್ಕ ಅವರ ಬಳಿ ಇರುತ್ತದೆ. ಹಡಗಿನ ಕಂಪನಿಯೇ ಏರ್ಪಡಿಸಿದ ಸುತ್ತಾಟಕ್ಕೆ ಹೋದವರು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಆ ಭರವಸೆ ಇಲ್ಲ. ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಕೆಲವೊಮ್ಮೆ ಒಂದು ಗಂಟೆಯ ವ್ಯತ್ಯಾಸ ಇರುವುದುಂಟು. ಅದನ್ನು ಇಳಿಯುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಸೈನಿಕರ ಸಮವಸ್ತ್ರದಂಥ ಹಸಿರು-ಕಂದು ಚಿತ್ತಾರದ ಬಟ್ಟೆಯನ್ನು ಇಲ್ಲಿ ಸಾರ್ವಜನಿಕರು ಧರಿಸುವುದು ಕಾನೂನಿಗೆ ವಿರುದ್ಧ.

ಊಟ, ವಿಶ್ರಾಂತಿ, ಸಾಲು ನಿಲ್ಲುವುದನ್ನು ಕಳೆದರೆ ಕೈಯಲ್ಲಿ ಉಳಿಯುವುದು ಆರು ತಾಸು. ಬಹಳಷ್ಟು ಜನ ಅದನ್ನು ಗ್ರಾಂಡ್ ಆನ್ಸ್ ಕಡಲತೀರಕ್ಕೆ ಕೊಟ್ಟುಬಿಡುತ್ತಾರೆ. ಸುಮಾರು ಮೂರು ಕಿಲೋಮೀಟರ್ ಉದ್ದದ ಬಿಳಿ ಮರಳು, ಅಲೆಯಬ್ಬರವಿಲ್ಲದ ನೀಲಿ ನೀರು, ಬಂದರಿನಿಂದ ದೋಣಿಯಲ್ಲಿ ಕೆಲವೇ ನಿಮಿಷ. ಆದರೆ ಇಂಥ ಮರಳು ಕೆರಿಬಿಯನ್‌ನ ಬೇರೆ ದ್ವೀಪಗಳಲ್ಲೂ ಇದೆ. ಗ್ರೆನೇಡಾದ ನಿಜವಾದ ಬದುಕು ಇರುವುದು ಗುಡ್ಡಗಳ ಮೇಲೆ, ಜಾಯಿಕಾಯಿ ಮತ್ತು ಕೋಕೋ ತೋಟಗಳಲ್ಲಿ. ದಿನದ ದೊಡ್ಡ ಪಾಲು ಸಲ್ಲಬೇಕಾದದ್ದು ಅದಕ್ಕೆ.

ಮೊದಲ ಗಂಟೆ ಊರಿಗಿರಲಿ. ಸೇಂಟ್ ಜಾರ್ಜಸ್ ಪಟ್ಟಣ ಗುಡ್ಡದ ಎರಡೂ ಬದಿಗೆ ಹರಡಿಕೊಂಡಿದೆ. ಒಂದು ಬದಿಯಲ್ಲಿ ಕ್ರೂಸ್ ಧಕ್ಕೆ, ಇನ್ನೊಂದು ಬದಿಯಲ್ಲಿ ಕುದುರೆ ಲಾಳದಾಕಾರದ ಹಳೆಯ ಬಂದರು ಕ್ಯಾರನೇಜ್. ಎರಡನ್ನೂ ಜೋಡಿಸುವುದು 1890ರ ದಶಕದಲ್ಲಿ ಗುಡ್ಡ ಕೊರೆದು ಮಾಡಿದ ಸೆಂಡಾಲ್ ಸುರಂಗ. ಅದು ಎಷ್ಟು ಕಿರಿದೆಂದರೆ ವಾಹನಗಳು ಹೋಗುವಾಗ ನಡೆದುಹೋಗುವವರು ಗೋಡೆಗೆ ಒತ್ತಿಕೊಂಡೇ ಸಾಗಬೇಕು. ಮೇಲೆ ಫ್ರೆಂಚರು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಕೋಟೆಯಿದೆ. ಈಗ ಅದರ ಹೆಸರು ಫೋರ್ಟ್ ಜಾರ್ಜ್. ಬಂದರಿನ ಅತ್ಯುತ್ತಮ ನೋಟ ಸಿಗುವ ಈ ಕೋಟೆಯಲ್ಲೇ 1983ರ ಅಕ್ಟೋಬರ್ 19ರಂದು ಪ್ರಧಾನಿ ಮಾರಿಸ್ ಬಿಷಪ್ ಮತ್ತು ಅವರ ಸಂಗಡಿಗರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಆರು ದಿನಗಳ ನಂತರ ಅಮೆರಿಕದ ಸೈನ್ಯ ದ್ವೀಪಕ್ಕೆ ನುಗ್ಗಿತು. ಇಲ್ಲಿನ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳ ರಕ್ಷಣೆ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಕ್ಯಾರನೇಜ್ ದಂಡೆಯಲ್ಲಿ ಎರಡೂ ಕೈಗಳನ್ನು ಮೇಲೆತ್ತಿ ನಿಂತ ಕ್ರಿಸ್ತನ ಪ್ರತಿಮೆಯೊಂದಿದೆ. ಕ್ರೂಸ್ ಪ್ರಯಾಣಿಕರು ಅದರ ಮುಂದೆ ಒಂದು ಕ್ಷಣವಾದರೂ ನಿಲ್ಲಬೇಕು. 1961ರ ಅಕ್ಟೋಬರ್ 22ರ ಬೆಳಗಿನ ಜಾವ, ಬಂದರಿನ ಹೊರಗೆ ಲಂಗರು ಹಾಕಿದ್ದ ಇಟಲಿಯ ಪ್ರಯಾಣಿಕ ಹಡಗು ‘ಬಿಯಾಂಕಾ ಸಿ’ಯ ಎಂಜಿನ್ ಕೋಣೆಯಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಹಡಗಿನಲ್ಲಿದ್ದವರು ಸುಮಾರು 700 ಮಂದಿ. ಊರಿನವರು ಮೀನುದೋಣಿ, ಹಾಯಿದೋಣಿ, ಕೈಗೆ ಸಿಕ್ಕಿದ ದೋಣಿಗಳನ್ನೆಲ್ಲ ಹೊರಡಿಸಿ ಅವರನ್ನು ದಡಕ್ಕೆ ತಂದರು, ತಮ್ಮ ಮನೆಗಳಲ್ಲಿಟ್ಟುಕೊಂಡು ಉಣಿಸಿದರು, ಉಡಲು ಬಟ್ಟೆ ಕೊಟ್ಟರು. ಎಂಜಿನ್ ಕೋಣೆಯ ಬೆಂಕಿಗೆ ಸಿಕ್ಕಿದ ಕೆಲವರನ್ನು ಬಿಟ್ಟರೆ ಎಲ್ಲರೂ ಬದುಕಿದರು. ಉರಿಯುತ್ತಿದ್ದ ಹಡಗನ್ನು ಎಳೆದೊಯ್ಯುವ ಪ್ರಯತ್ನ ಫಲಿಸದೆ ಅದು ಮುಳುಗಿತು. ಇಂದು ನೀರಿನಾಳಕ್ಕೆ ಧುಮುಕುವ ಸಾಹಸಿಗಳಿಗೆ ಅದೊಂದು ಹೆಸರಾಂತ ತಾಣ. ಹಡಗಿನ ಒಡೆಯರಾದ ಕೋಸ್ಟಾ ಕಂಪನಿ ಊರಿನವರ ಉಪಕಾರ ನೆನೆದು ಕಳುಹಿಸಿಕೊಟ್ಟದ್ದೇ ಈ ಪ್ರತಿಮೆ.

ಅಲ್ಲಿಂದ ಪಶ್ಚಿಮ ಕರಾವಳಿ ಹಿಡಿದು ಉತ್ತರಕ್ಕೆ ಮುಕ್ಕಾಲು ಗಂಟೆ ಹೋದರೆ ಗ್ವಾವ್ ಎಂಬ ಮೀನುಗಾರರ ಊರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟ ಗೆದ್ದು ಗ್ರೆನೇಡಾಕ್ಕೆ ಮೊದಲ ಒಲಿಂಪಿಕ್ ಪದಕ ತಂದ ಕಿರಾನಿ ಜೇಮ್ಸ್ ಈ ಊರಿನವರು. ಟ್ಯಾಕ್ಸಿ ಬೇಡವೆಂದರೆ ಖಾಸಗಿ ಮಿನಿಬಸ್‌ಗಳಿವೆ. ಇಳಿಯಬೇಕಾದಾಗ ಬಸ್ಸಿನ ಒಳಮೈಯನ್ನು ಬೆರಳಿನಿಂದ ತಟ್ಟಿದರೆ ಚಾಲಕ ನಿಲ್ಲಿಸುತ್ತಾನೆ.

ಗ್ವಾವ್‌ನಲ್ಲಿ ನೋಡಬೇಕಾದದ್ದು ಜಾಯಿಕಾಯಿ ಸಂಸ್ಕರಣಾ ಕೇಂದ್ರ. 1947ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಘದ ಹಳೆಯ ಕಟ್ಟಡವಿದು. ರೈತರು ಚೀಲದಲ್ಲಿ ತಂದ ಕಾಯಿ ಮೇಲಿನ ಅಂತಸ್ತಿನ ಮರದ ತಟ್ಟೆಗಳಲ್ಲಿ ವಾರಗಟ್ಟಲೆ ಒಣಗುತ್ತದೆ. ಅಲುಗಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಒಣಗಿದೆ ಎಂದರ್ಥ. ಆಮೇಲೆ ಯಂತ್ರ ಚಿಪ್ಪನ್ನು ಒಡೆಯುತ್ತದೆ, ಹೆಂಗಸರು ಕುಳಿತು ಚಿಪ್ಪಿನಿಂದ ತಿರುಳನ್ನು ಬೇರೆ ಮಾಡುತ್ತಾರೆ. ಮುಂದಿನ ಪರೀಕ್ಷೆ ನೀರಿನದ್ದು: ತೊಟ್ಟಿಗೆ ಸುರಿದಾಗ ಮುಳುಗಿದ್ದು ಒಳ್ಳೆಯ ಕಾಯಿ, ಅಡುಗೆಮನೆಗೆ ಹೋಗುತ್ತದೆ, ತೇಲಿದ್ದು ಎಣ್ಣೆ ತೆಗೆಯಲಿಕ್ಕೆ. ಉಳಿದ ಚಿಪ್ಪೂ ವ್ಯರ್ಥವಾಗುವುದಿಲ್ಲ, ದ್ವೀಪದ ಎಷ್ಟೋ ಹೂದೋಟಗಳ ಕಾಲುದಾರಿಗೆ ಅದನ್ನೇ ಹಾಸುತ್ತಾರೆ. ಕೊನೆಗೆ ಗೋಣಿಚೀಲ ತುಂಬಿ, ತಗಡಿನ ಅಚ್ಚಿಟ್ಟು ಶಾಯಿಯಲ್ಲಿ ದೂರದ ಬಂದರಿನ ಹೆಸರು ಬರೆದರೆ ಕೆಲಸ ಮುಗಿಯಿತು.

ಕಾಯಿಯ ಮೇಲೆ ಬಲೆಯಂತೆ ಹೆಣೆದಿರುವ ಜಾಪತ್ರೆ ಹಸಿಯಾಗಿದ್ದಾಗ ರಕ್ತಗೆಂಪು. ಒಣಗುತ್ತಾ ಕಿತ್ತಳೆಗೂ ಆಮೇಲೆ ಹಳದಿಗೂ ತಿರುಗುತ್ತದೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳ ನಡುವೆ ಬೆಳೆಯುವ ಜಾಯಿಕಾಯಿಯನ್ನು ಕಂಡವರಿಗೆ ಈ ಬಣ್ಣ ಹೊಸದಲ್ಲ. ಭೂಪಟ ನೋಡಿದರೆ ಕಾರಣ ತಿಳಿಯುತ್ತದೆ: ಗ್ರೆನೇಡಾ 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮಡಿಕೇರಿ ಮತ್ತು ಮೈಸೂರುಗಳೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿವೆ. ಇಂಡೊನೇಷ್ಯಾದ ಬಾಂಡಾ ದ್ವೀಪಗಳ ಮೂಲದ ಈ ಗಿಡ 1843ರಲ್ಲಿ ಇಲ್ಲಿಗೆ ಬಂತು. ಅಗ್ನಿಪರ್ವತದ ಮಣ್ಣು ಮತ್ತು ಮಳೆ ಒಗ್ಗಿದ್ದರಿಂದ ದೇಶದ ಬಾವುಟದಲ್ಲೂ ಸ್ಥಾನ ಪಡೆಯಿತು.

2004ರ ಸೆಪ್ಟೆಂಬರ್ 7ರವರೆಗೆ ಜಾಯಿಕಾಯಿ ಬೆಳೆಯಲ್ಲಿ ಇಂಡೊನೇಷ್ಯಾದ ನಂತರದ ಸ್ಥಾನ ಈ ಪುಟ್ಟ ದ್ವೀಪದ್ದಾಗಿತ್ತು. ಅಂದು ಬಡಿದ ಐವನ್ ಚಂಡಮಾರುತ 39 ಜನರನ್ನು ಬಲಿ ತೆಗೆದುಕೊಂಡಿತು, ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಹಾನಿ ಮಾಡಿತು, ಜಾಯಿಕಾಯಿ ಮರಗಳಲ್ಲಿ ಬಹುಪಾಲನ್ನು ಬುಡಸಮೇತ ಕಿತ್ತೊಗೆಯಿತು. ಈ ಮರ ಕಾಯಿ ಬಿಡಲು ಶುರುಮಾಡುವುದಕ್ಕೇ ಐದಾರು ವರ್ಷ ಬೇಕು, ಪೂರ್ತಿ ಫಸಲಿಗೆ ಬರಲು ಇನ್ನೂ ಹೆಚ್ಚು. ಮನೆಯನ್ನು ಒಂದೆರಡು ವರ್ಷದಲ್ಲಿ ಕಟ್ಟಿಕೊಳ್ಳಬಹುದು, ತೋಟವನ್ನು ಹಾಗೆ ಕಟ್ಟಲಾಗದು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಇದೇ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ಧ್ವಂಸಮಾಡಿತು. ಪ್ರಯಾಣಿಕರ ಕೈಗೆ ಬರುವ ಮಸಾಲೆ ಪೊಟ್ಟಣದ ಹಿಂದೆ ಮತ್ತೆ ಮತ್ತೆ ಸಸಿ ನೆಟ್ಟವರ ದುಡಿಮೆಯಿದೆ.

ಅನೇಕ ರೈತರು ಜಾಯಿಕಾಯಿಯ ಜೊತೆಗೆ ಕೋಕೋವನ್ನೂ ನೆಚ್ಚಿಕೊಂಡಿದ್ದಾರೆ. ಹುದುಗು ಬಂದ ಬೀಜವನ್ನು ಹಳಿಗಳ ಮೇಲೆ ಉರುಳುವ ದೊಡ್ಡ ಮರದ ತಟ್ಟೆಗಳಲ್ಲಿ ಬಿಸಿಲಿಗೆ ಒಡ್ಡುತ್ತಾರೆ. ಮಳೆ ಬಂತೆಂದರೆ ತಟ್ಟೆಯನ್ನು ತಳ್ಳಿ ಕಟ್ಟಡದ ಅಡಿಗೆ ಸೇರಿಸಿಬಿಡುತ್ತಾರೆ. ಎಲ್ಲ ಬೀಜಕ್ಕೂ ಬಿಸಿಲು ತಾಗಲಿ ಎಂದು ಬರಿಗಾಲಿನಲ್ಲಿ ಕಾಲೆಳೆಯುತ್ತಾ, ಗದ್ದೆಯಲ್ಲಿ ಸಾಲು ಹೊಡೆದಂತೆ ಗೆರೆ ಮಾಡುತ್ತಾ ನಡೆಯುತ್ತಾರೆ; ಬಂದವರಿಗೂ ಚಪ್ಪಲಿ ಬಿಚ್ಚಿ ನಡೆಯಲು ಬಿಡುವ ತೋಟಗಳಿವೆ. ಮೊದಲು ಇಲ್ಲಿನ ಬೀಜವೆಲ್ಲ ಹೊರದೇಶಕ್ಕೆ ಹೋಗಿ ಅಲ್ಲಿ ಚಾಕೊಲೇಟ್ ಆಗುತ್ತಿತ್ತು. 1999ರಲ್ಲಿ ಮಾಟ್ ಗ್ರೀನ್ ಮತ್ತು ಗೆಳೆಯರು ಸೇರಿ ಗ್ರೆನೇಡಾ ಚಾಕೊಲೇಟ್ ಕಂಪನಿ ಆರಂಭಿಸಿ, ಬೆಳೆದಲ್ಲೇ ಚಾಕೊಲೇಟ್ ಮಾಡಿ ತೋರಿಸಿದರು. ಬೆಳೆಗಾರರೇ ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದನ್ನು ಬಲ್ಲ ಕನ್ನಡಿಗರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನದ ಊಟಕ್ಕೆ ಹಡಗಿಗೆ ಮರಳುವವರು ‘ಆಯಿಲ್ ಡೌನ್’ ತಪ್ಪಿಸಿಕೊಳ್ಳುತ್ತಾರೆ. ಜೀಗುಜ್ಜೆ, ಕೆಸುವಿನ ಎಲೆ, ಅರಿಶಿನ, ತೆಂಗಿನಹಾಲು, ಹಿಟ್ಟಿನ ಉಂಡೆ, ಉಪ್ಪು ಹಾಕಿಟ್ಟ ಮಾಂಸ ಅಥವಾ ಮೀನು, ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಪೇರಿಸಿ, ಹಾಲು ಇಂಗಿ ತಳದಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸುವ ರಾಷ್ಟ್ರೀಯ ಖಾದ್ಯವಿದು. ಮಾಂಸವಿಲ್ಲದೆಯೂ ಮಾಡಿಕೊಡುತ್ತಾರೆ, ಮೊದಲೇ ಹೇಳಿರಬೇಕು. ಕರಾವಳಿಯ ನಾಲಿಗೆಗೆ ಪರಿಚಿತವಾದ ಈ ಸಾಮಾನುಗಳ ಪಕ್ಕದಲ್ಲೇ ರೊಟ್ಟಿಯೂ ಸಿಗುತ್ತದೆ, ‘ರೋಟಿ’ ಎಂಬ ಹೆಸರಿನಲ್ಲೇ. ಗುಲಾಮಗಿರಿ ಕೊನೆಗೊಂಡ ಮೇಲೆ ಕೂಲಿಯಾಳುಗಳಿಲ್ಲದೆ ಕಂಗಾಲಾದ ತೋಟದ ಮಾಲೀಕರು ಭಾರತದಿಂದ ಜನರನ್ನು ಕರಾರಿನ ಮೇಲೆ ತರಿಸಿದರು. 1857ರ ಮೇ 1ರಂದು ‘ಮೇಡ್‌ಸ್ಟೋನ್’ ಹಡಗಿನಲ್ಲಿ ಬಂದ 287 ಮಂದಿ ಇಲ್ಲಿ ಕಾಲಿಟ್ಟ ಮೊದಲ ಭಾರತೀಯರು. ಅವರ ವಂಶದವರು ಇಂದಿಗೂ ಈ ದ್ವೀಪದಲ್ಲಿದ್ದಾರೆ.

ಹೀಗೆ ನೋಡಿಯೂ ಒಂದೆರಡು ತಾಸು ಮಿಗುತ್ತದೆ. ಮರಳುವ ಹಾದಿಯಲ್ಲೇ ಮೊಲಿನಿಯರ್ ಕೊಲ್ಲಿ ಇದೆ. ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ 2006ರಲ್ಲಿ ಇಲ್ಲಿ ಕಡಲ ತಳದಲ್ಲಿ ಶಿಲ್ಪಗಳನ್ನು ನಿಲ್ಲಿಸಿದರು. ಕೈ ಕೈ ಹಿಡಿದು ವರ್ತುಲವಾಗಿ ನಿಂತ ಮಕ್ಕಳ ಮೇಲೆ ಈಗ ಹವಳವೂ ಸ್ಪಂಜೂ ಬೆಳೆದಿವೆ. ಆಳ ಕಡಿಮೆಯಿರುವುದರಿಂದ ಉಸಿರುಕೊಳವೆ ಇಟ್ಟುಕೊಂಡು ಮೇಲಿನಿಂದಲೇ ನೋಡಬಹುದು. ಈಜು ಬಾರದವರಿಗೆ ತಳಕ್ಕೆ ಗಾಜು ಹಾಕಿದ ದೋಣಿಗಳಿವೆ.

ಖರ್ಚಿನ ಮಾತನ್ನೂ ಆಡಬೇಕು. ಹಡಗಿನ ಟಿಕೆಟ್ಟಿನಲ್ಲೇ ಊಟ, ವಸತಿ, ಮನರಂಜನೆ ಎಲ್ಲ ಸೇರಿರುವುದರಿಂದ ಪ್ರಯಾಣಿಕರು ದಡದಲ್ಲಿ ಬಿಚ್ಚುವ ಕೈಚೀಲ ಚಿಕ್ಕದು. ಹಡಗಿನಲ್ಲೇ ಕೊಂಡ ಸುತ್ತಾಟದ ಹಣದಲ್ಲಿ ಒಂದು ಪಾಲು ಹಡಗಿನ ಕಂಪನಿಗೇ ಉಳಿಯುತ್ತದೆ. ಧಕ್ಕೆಯ ಟ್ಯಾಕ್ಸಿಯವನಿಗೆ, ಮಾರ್ಕೆಟ್ ಸ್ಕ್ವೇರ್‌ನಲ್ಲಿ ಕೋಕೋ ಉಂಡೆ ಮಾರುವ ಹೆಂಗಸಿಗೆ, ಗ್ವಾವ್‌ನ ಸಹಕಾರ ಸಂಘಕ್ಕೆ ಕೊಟ್ಟ ಹಣ ದ್ವೀಪದಲ್ಲೇ ಉಳಿಯುತ್ತದೆ. ಪೂರ್ವ ಕೆರಿಬಿಯನ್ ಡಾಲರ್ ಇಲ್ಲಿನ ನಾಣ್ಯ. 1976ರಿಂದಲೂ ಅಮೆರಿಕದ ಒಂದು ಡಾಲರಿಗೆ 2.70ರಂತೆ ಸ್ಥಿರವಾಗಿದೆ. ಟ್ಯಾಕ್ಸಿ ಹತ್ತುವ ಮೊದಲು ಬಾಡಿಗೆ ಯಾವ ಡಾಲರಿನಲ್ಲಿ ಎಂದು ಕೇಳಿಕೊಂಡರೆ ಇಬ್ಬರಿಗೂ ತೊಂದರೆಯಿಲ್ಲ.

ಗುಡ್ಡದ ರಸ್ತೆಗಳು ಕಿರಿದು, ತಿರುವು ಹೆಚ್ಚು. ಆದ್ದರಿಂದ ಮೂರು ಗಂಟೆಗೆಲ್ಲ ಸೇಂಟ್ ಜಾರ್ಜಸ್ ಕಡೆ ಮುಖ ಮಾಡಿದರೆ ಒಳ್ಳೆಯದು. ಅಂದು ಶುಕ್ರವಾರವಾಗಿದ್ದರೆ ಗ್ವಾವ್‌ನ ಬೀದಿಗಳಲ್ಲಿ ‘ಫಿಶ್ ಫ್ರೈಡೇ’ಗೆ ಒಲೆ ಹೂಡುವ ಸಿದ್ಧತೆ ಕಾಣುತ್ತದೆ. ಐವನ್ ಬಡಿದ ನಂತರದ ವರ್ಷ ಊರಿನವರು ಆರಂಭಿಸಿದ ಮೀನಿನ ಸಂತೆಯಿದು. ಸಂಜೆ ಶುರುವಾಗಿ ರಾತ್ರಿಯವರೆಗೆ ನಡೆಯುವುದರಿಂದ ಐದಕ್ಕೆ ಹೊರಡುವ ಹಡಗಿನವರಿಗೆ ದಕ್ಕುವುದಿಲ್ಲ. ಅದಕ್ಕಾಗಿ ಗ್ರೆನೇಡಾಕ್ಕೆ ವಿಮಾನದಲ್ಲಿ ಮತ್ತೊಮ್ಮೆ ಬಂದು ನಾಲ್ಕು ದಿನ ಉಳಿಯಬೇಕು. ಹಾಗೆ ಬಂದವರ ಊಟ, ವಸತಿ, ಓಡಾಟದ ಹಣದಲ್ಲಿ ಊರಿಗೆ ಸೇರುವ ಪಾಲೂ ದೊಡ್ಡದು.