ಚಕ್ರದಿಂದ ಮಂಜುಗಡ್ಡೆಗೆ: ಸ್ಕೇಟಿಂಗ್ ಮಕ್ಕಳ ವೇಗಕ್ಕೆ ತಾಳ್ಮೆಯೇ ತರಬೇತಿ

ಪುಣೆ: ಹೊರನಾಡ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಆಟವೆಂದರೆ ಬಹುಪಾಲು ಕ್ರಿಕೆಟ್, ಇಲ್ಲವೇ ಬ್ಯಾಡ್ಮಿಂಟನ್. ಈಗ ಈ ಸಾಲಿಗೆ ಸ್ಕೇಟಿಂಗ್ ಕೂಡ ಸೇರಿದೆ. ಬೆಳಗಿನ ಹೊತ್ತು ನಗರದ ರಿಂಕ್‌ಗಳಿಗೆ ಹೋದರೆ ಹೆಲ್ಮೆಟ್, ಮೊಣಕಾಲು ಪಟ್ಟಿ ಕಟ್ಟಿಕೊಂಡ ಪುಟಾಣಿಗಳನ್ನೂ, ಕಟ್ಟೆಯ ಮೇಲೆ ಕುಳಿತ ಅಪ್ಪ ಅಮ್ಮಂದಿರನ್ನೂ ಕಾಣಬಹುದು. ಕೆಲವು ಮಕ್ಕಳ ಕೈಗೆ ಹಾಕಿ ಸ್ಟಿಕ್ ಬಂದಿದೆ. ಅವರ ಕನಸು ಐಸ್ ಹಾಕಿ.

ಹಿಮ ಬೀಳದ ಪುಣೆಯಲ್ಲಿ ಐಸ್ ಹಾಕಿಯೇ ಎಂದು ನಗುವ ಕಾಲ ಇದಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ 3000 ಮೀಟರ್ ರೋಲರ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದವು. ಪುರುಷರ ತಂಡದಲ್ಲಿ ಮಹಾರಾಷ್ಟ್ರದ ವಿಕ್ರಮ್ ಇಂಗಳೆ ಇದ್ದರು. ಅದೇ ತಂಡದ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದಲ್ಲಿ 1000 ಮೀಟರ್ ಸ್ಪ್ರಿಂಟ್ ವಿಶ್ವ ಚಾಂಪಿಯನ್ ಆದರು. ಮಂಜುಗಡ್ಡೆಯ ಮೇಲೂ ಅದೇ ವರ್ಷ ನಮ್ಮ ಮಹಿಳೆಯರು ಯುಎಇಯಲ್ಲಿ ನಡೆದ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ಕಂಚು ತಂದರು. ಆ ತಂಡದ ಬಹುತೇಕ ಹುಡುಗಿಯರು ಲಡಾಖ್‌ನವರು. ಅಲ್ಲಿ ಕೆರೆಕುಂಟೆ ಹೆಪ್ಪುಗಟ್ಟುವುದು ಚಳಿಗಾಲದ ಎರಡು ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಅವರ ಅಭ್ಯಾಸವೂ ನೆಲದ ಮೇಲೆಯೇ.

ಹೀಗಿರುವಾಗ ಪಾಲಕರು ಕೋಚ್‌ಗಳನ್ನು ಕೇಳುವ ಮೊದಲ ಪ್ರಶ್ನೆ, "ನಮ್ಮ ಮಗುವಿಗೆ ಸ್ಪೀಡ್ ಯಾಕೆ ಬರುತ್ತಿಲ್ಲ?" ಎಂಬುದು. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಎಷ್ಟೋ ಮಕ್ಕಳ ಆಸಕ್ತಿ ಒಂದೆರಡು ವರ್ಷದಲ್ಲೇ ಬತ್ತಿಹೋಗುತ್ತದೆ.

ನೂಕಿನ ಲೆಕ್ಕ

ರಿಂಕ್‌ನ ಕಟ್ಟೆಯಿಂದ ಮರಾಠಿಯಲ್ಲಿ "ಜೋರಾತ್" ಎಂದೋ ಕನ್ನಡದಲ್ಲಿ "ಜೋರಾಗಿ" ಎಂದೋ ಕೂಗು ಕೇಳಿಬರುತ್ತಲೇ ಇರುತ್ತದೆ. ಕೂಗು ಕೇಳಿದ ಮಗು ಪಟಪಟನೆ ಕಾಲು ಬಡಿಯುತ್ತದೆ. ನೋಡುವವರಿಗೆ ವೇಗ ಹೆಚ್ಚಿದಂತೆ ಕಂಡರೂ ಮಗು ಮುಂದೆ ಸಾಗುವುದು ಕಡಿಮೆ.

ಒಂದು ಸರಳ ಲೆಕ್ಕ ನೋಡೋಣ. ಅಂತಾರಾಷ್ಟ್ರೀಯ ಐಸ್ ಹಾಕಿ ರಿಂಕ್‌ನ ಉದ್ದ 60 ಮೀಟರ್. ಒಂದು ನೂಕಿಗೆ 2 ಮೀಟರ್ ಸಾಗುವ ಮಗು 30 ಸಲ ನೂಕಬೇಕು. 3 ಮೀಟರ್ ಸಾಗುವ ಮಗುವಿಗೆ 20 ಸಾಕು. ಉಳಿದ ಹತ್ತು ನೂಕಿನ ಶಕ್ತಿ ಚೆಂಡನ್ನೋ ಪಕ್ ಅನ್ನೋ ಬೆನ್ನಟ್ಟಲು ಉಳಿತಾಯವಾಗುತ್ತದೆ. ಆದುದರಿಂದ ಮೊದಲು ನೂಕು ಉದ್ದವಾಗಬೇಕು, ಕಾಲಿನ ಚುರುಕು ಆಮೇಲೆ.

ನೂಕು ಉದ್ದವಾಗುವುದು ಮಂಡಿ ಬಗ್ಗಿದಾಗ. ನೆಟ್ಟಗೆ ನಿಂತ ಕಾಲಿಗೆ ಚಾಚಲು ಜಾಗವೇ ಇರುವುದಿಲ್ಲ. ಮಗು ಮಂಡಿ ಬಗ್ಗಿಸಿ ಕೆಳಗೆ ನೋಡಿದಾಗ ಬೂಟಿನ ತುದಿ ಮಂಡಿಯ ಮರೆಯಲ್ಲಿರಬೇಕು. ಇದು ಮನೆಯಲ್ಲೂ ನೋಡಬಹುದಾದ ಪರೀಕ್ಷೆ. ಓಟದಲ್ಲಿ ನೆಲವನ್ನು ಹಿಂದಕ್ಕೆ ಒದೆಯುತ್ತೇವೆ. ಸ್ಕೇಟ್ ಹಿಂದಕ್ಕೂ ಜಾರುವುದರಿಂದ ಇಲ್ಲಿ ಪಕ್ಕಕ್ಕೆ ನೂಕಬೇಕು. ನೂಕಿದ ಕಾಲು ಪೂರ್ತಿ ಚಾಚಿ, ಮತ್ತೆ ದೇಹದ ಅಡಿಗೇ ಬರಬೇಕು. ಕೈಗಳು ಎದೆಯ ಮುಂದೆ ಅಡ್ಡಡ್ಡ ಬೀಸದೆ ಹಿಂದೆ ಮುಂದೆ ಆಡಬೇಕು. ಹೊರಡುವ ಮೊದಲ ಮೂರು ನಾಲ್ಕು ಹೆಜ್ಜೆ ಮಾತ್ರ ಹಿಮ್ಮಡಿ ಒಳಗೆ, ಬೆರಳು ಹೊರಗೆ ಇಟ್ಟು ಓಡಿದಂತೆ ಚಿಕ್ಕದಾಗಿರುತ್ತವೆ.

ಚಕ್ರಕ್ಕೂ ಬ್ಲೇಡಿಗೂ ಇರುವ ಅಂತರ

ನಮ್ಮಲ್ಲಿ ಮೊದಲು ಕಲಿಯುವುದು ನಾಲ್ಕು ಚಕ್ರದ ಕ್ವಾಡ್ ಅಥವಾ ಒಂದೇ ಸಾಲಿನ ಇನ್‌ಲೈನ್ ಸ್ಕೇಟ್ ಮೇಲೆ. ಐಸ್ ಹಾಕಿಗೆ ಹತ್ತಿರವಾದದ್ದು ಇನ್‌ಲೈನ್. ಹಾಕಿ ಬ್ಲೇಡ್‌ನ ದಪ್ಪ ಸುಮಾರು 3 ಮಿಲಿಮೀಟರ್. ಅದರ ತಳ ನಡುವೆ ಗುಳಿ ಬಿದ್ದಂತಿದ್ದು ಒಳಗೊಂದು, ಹೊರಗೊಂದು ಅಂಚು ಇರುತ್ತದೆ. ನೂಕುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ಅಂಚುಗಳ ಮೇಲೆಯೇ. ಮಂಜುಗಡ್ಡೆಯಲ್ಲಿ ಬ್ಲೇಡನ್ನು ಅಡ್ಡ ತಿರುಗಿಸಿದರೆ ಗಕ್ಕನೆ ನಿಲ್ಲಬಹುದು. ಚಕ್ರದಲ್ಲಿ ಅಷ್ಟು ಸುಲಭವಲ್ಲ; ಅಲ್ಲಿ ನಿಲ್ಲುವ ವಿಧಾನವೇ ಬೇರೆ. ಆದರೆ ಒಂಟಿ ಕಾಲಿನ ಸಮತೋಲ, ಮಂಡಿಯ ಬಾಗು, ತಿರುವಿನಲ್ಲಿ ಕಾಲಿನ ಮೇಲೆ ಕಾಲು ದಾಟಿಸುವ ಕ್ರಮ, ಇವಿಷ್ಟು ಚಕ್ರದ ಮೇಲೆ ಗಟ್ಟಿಯಾದರೆ ಮಂಜುಗಡ್ಡೆಗೂ ಒದಗುತ್ತವೆ.

ದೇಶದಲ್ಲಿ ಒಳಾಂಗಣ ಮಂಜುಗಡ್ಡೆ ರಿಂಕ್‌ಗಳು ಬೆರಳೆಣಿಕೆಯಷ್ಟೇ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್ ಬಹುಕಾಲ ಮುಚ್ಚಿದ್ದು, 2025ರಲ್ಲಷ್ಟೇ ಮತ್ತೆ ತೆರೆಯಿತು. ಹಾಗಾಗಿ ಪುಣೆಯ ಮಗುವಿಗೆ ಮಂಜುಗಡ್ಡೆ ಸಿಗುವುದು ವರ್ಷದಲ್ಲಿ ಕೆಲವೇ ದಿನ. ಆ ಅಮೂಲ್ಯ ದಿನಗಳು ಮೂಲಪಾಠದಲ್ಲೇ ಕಳೆಯಬಾರದೆಂದರೆ ಮೂಲಪಾಠ ಇಲ್ಲಿಯೇ ಮುಗಿದಿರಬೇಕು.

ಕಟ್ಟೆಯ ಮೇಲಿನ ಪಾಲಕರಿಗೆ

ಐಸ್ ಹಾಕಿಯಲ್ಲಿ ಆಟಗಾರ ಒಂದು ಸಲಕ್ಕೆ ಸುಮಾರು ಮುಕ್ಕಾಲು ನಿಮಿಷ ಆಡಿ, ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಬರುತ್ತಾನೆ. ಅಂದರೆ ಬೇಕಾದದ್ದು ಚಿಕ್ಕ, ತೀಕ್ಷ್ಣ ವೇಗ. ಅದಕ್ಕೆ ಐದಾರು ಸೆಕೆಂಡಿನ ಪೂರ್ಣ ವೇಗದ ಓಟ, ಮತ್ತೆ ಉಸಿರು ಇಳಿಯುವವರೆಗೆ ವಿಶ್ರಾಂತಿ, ಹೀಗೆ ಕೆಲವು ಸಲ ಮಾಡಿಸಿದರೆ ಸಾಕು. ದಣಿದ ಮಗುವಿಗೆ ಸುತ್ತಿನ ಮೇಲೆ ಸುತ್ತು ಹೊಡೆಸಿದರೆ ಅದು ಕಲಿಯುವುದು ನಿಧಾನವಾಗಿ, ತಪ್ಪಾಗಿ ಸ್ಕೇಟ್ ಮಾಡುವುದನ್ನೇ.

ಹತ್ತು ವರ್ಷದೊಳಗಿನವರಿಗೆ ಮುಟ್ಟಾಟವೇ ಒಳ್ಳೆಯ ತರಬೇತಿ. ನಮ್ಮ ಊರಿನ ಕುಂಟೆಬಿಲ್ಲೆಯನ್ನು ಮಹಡಿಯ ಮೇಲೆ ಆಡಿಸಿ ನೋಡಿ. ಒಂಟಿ ಕಾಲಿನ ಜಿಗಿತ, ಸಮತೋಲ ಎರಡೂ ಅದರಲ್ಲಿವೆ. ಇನ್ನು ನಿಲ್ಲಲು ಬಾರದ ಮಗು ಎಂದೂ ಪೂರ್ತಿ ವೇಗದಲ್ಲಿ ಹೋಗುವುದಿಲ್ಲ, ಹೋಗಲೂಬಾರದು. ಕೋಚ್ ಒಂದು ವಾರ ಪೂರ್ತಿ ಬ್ರೇಕ್ ಹಾಕುವುದನ್ನೇ ಕಲಿಸಿದರೆ "ಫೀಸ್ ದಂಡ" ಎಂದು ಗೊಣಗಬೇಡಿ. ಬೆಳೆಯುವ ಕಾಲಿಗೆಂದು ಎರಡು ಸೈಜ್ ದೊಡ್ಡ ಬೂಟು ಕೊಡಿಸುವ ಉಳಿತಾಯವೂ ಬೇಡ. ಬೂಟಿನೊಳಗೆ ಪಾದ ಅಲುಗಿದರೆ ನೂಕಿನ ಬಲ ಅಲ್ಲೇ ಸೋರಿಹೋಗುತ್ತದೆ, ಕಣಕಾಲು ಉಳುಕುವ ಭಯವೂ ಇದೆ.

ಮೊಬೈಲ್‌ನ ಸ್ಟಾಪ್‌ವಾಚ್ ತಿಂಗಳಿಗೊಮ್ಮೆ ತೆಗೆದರೆ ಸಾಕು. ಅದೂ ಮಗುವಿನ ಹಿಂದಿನ ತಿಂಗಳ ಸಮಯದೊಡನೆ ಹೋಲಿಸಲು, ಪಕ್ಕದ ಮನೆಯ ಮಗುವಿನೊಡನೆ ಅಲ್ಲ.

ಸಂಘಗಳು ಏನು ಮಾಡಬಹುದು

ಹತ್ತನೇ ತರಗತಿ ಬಂತೆಂದರೆ ಸ್ಕೇಟ್ ಅಟ್ಟ ಸೇರುವುದು ನಮ್ಮ ಮನೆಗಳಲ್ಲಿ ಮಾಮೂಲು. ಹೆಣ್ಣುಮಕ್ಕಳದ್ದು ಅದಕ್ಕೂ ಮೊದಲೇ. ದುಬಾರಿ ಬೂಟು ಅಲ್ಲಿ ಧೂಳು ತಿನ್ನುವಾಗ ಇನ್ನೊಂದು ಮನೆಯ ಮಗು ಬೂಟಿಲ್ಲದೆ ಕಟ್ಟೆಯ ಮೇಲೆ ಕುಳಿತಿರುತ್ತದೆ. ಸಂಘಗಳ ವಾರ್ಷಿಕ ಕ್ರೀಡೋತ್ಸವದಲ್ಲಿ ಹಗ್ಗಜಗ್ಗಾಟ, ಥ್ರೋಬಾಲ್ ಜತೆಗೆ ಮಕ್ಕಳ ಸ್ಕೇಟಿಂಗ್‌ಗೂ ಒಂದು ಗಂಟೆ ಮೀಸಲಿಡಬಹುದು. ಅಂದೇ ಹಳೆಯ ಸ್ಕೇಟ್, ಹೆಲ್ಮೆಟ್‌ಗಳನ್ನು ಸಂಗ್ರಹಿಸಿ ಅಗತ್ಯವಿರುವ ಮಕ್ಕಳಿಗೆ ದಾಟಿಸಬಹುದು. ಇದಕ್ಕೆ ದೊಡ್ಡ ನಿಧಿ ಬೇಡ, ಒಂದು ಪಟ್ಟಿ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ಕಾರ್ಯಕರ್ತ ಸಾಕು. ಸಂಘದ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳಲಿ.