ಮಗ್ಗ ಎಣಿಸಬೇಕೋ, ಮಂದಿಯನ್ನೋ?

ಕೈಮಗ್ಗ ಬೆಳೆಯಿತೋ ಕರಗಿತೋ ಎಂದು ಕೇಳಿದರೆ ಸರ್ಕಾರದ ಅಂಕಿಗಳೇ ಎರಡು ಮಾತಾಡುತ್ತವೆ. 2009-10ರ ಮೂರನೇ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗ ಕುಟುಂಬಗಳು 27.83 ಲಕ್ಷ; 2019-20ರ ನಾಲ್ಕನೆಯದರಲ್ಲಿ 31.45 ಲಕ್ಷ. ಕೆಲಸಗಾರರೋ, 43.31 ಲಕ್ಷದಿಂದ 35.22 ಲಕ್ಷಕ್ಕೆ ಇಳಿದರು. ಕುಟುಂಬದ ಲೆಕ್ಕದಲ್ಲಿ ಪಟ್ಟಿಯ ಒಂದು ಸಾಲೆಂದರೆ ಒಂದು ಮನೆ, ಕೆಲಸಗಾರರ ಲೆಕ್ಕದಲ್ಲಿ ಒಬ್ಬ ವ್ಯಕ್ತಿ. ಸಾಲು ಏನೆಂದು ನೋಡದವರು ತಮಗೆ ಬೇಕಾದ ಅಂಕಿಯನ್ನು ಎತ್ತಿಕೊಂಡು ಹೋಗುತ್ತಾರೆ.

ಕೈಮಗ್ಗದ ಸ್ಥಿತಿ ಅರಿಯಲು ನೇಮಿಸಿದ, ಪಿ.ಜೆ. ಥಾಮಸ್ ಅಧ್ಯಕ್ಷತೆಯ ಸಮಿತಿ 1942ರಲ್ಲಿ ವರದಿ ಕೊಟ್ಟಾಗ ದೊಡ್ಡ ಅಂಕಿ ಮಗ್ಗದ್ದು: ಸುಮಾರು 20 ಲಕ್ಷ. ಮೊದಲ ರಾಷ್ಟ್ರೀಯ ಕೈಮಗ್ಗ ಗಣತಿ ನಡೆದದ್ದು 1987-88ರಲ್ಲಿ. ಮಗ್ಗದಲ್ಲಿ ಕೂರದವರೂ ಕ್ರಮೇಣ ಲೆಕ್ಕಕ್ಕೆ ಸಿಕ್ಕರು.

ಅವರು ಯಾಕೆ ಸಿಗಬೇಕಿತ್ತು ಎನ್ನುವುದು ಇಳಕಲ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೂ ಮೊದಲು ನೂಲಿಗೆ ಬಣ್ಣ, ಹಾಸು ಹೂಡುವುದು, ಕಂಡಿಕೆ ಸುತ್ತುವುದು. ಕುಣಿಮಗ್ಗದಲ್ಲಿ ಕೂತವನೊಬ್ಬನನ್ನೇ ಬರೆದುಕೊಂಡರೆ ಮನೆಯ ಹೆಂಗಸರ ದುಡಿಮೆಗೆ ಸಾಲೇ ಇಲ್ಲ. 2019-20ರ ಗಣತಿಯ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಮಹಿಳೆಯರು. ಇದು ಮಗ್ಗ ಎಣಿಸಿದರೆ ಹೊರಬೀಳುವ ಸತ್ಯವಲ್ಲ.

ಸಾಹುಕಾರನ ಮಗ್ಗದಲ್ಲಿ ಕೂಲಿಗೆ ನೇಯುವವನಿಗೆ ಸ್ವಂತ ಮಗ್ಗವಿಲ್ಲ. ಮಗ್ಗದ ಪಟ್ಟಿಯಲ್ಲಿ ಅವನು ಇಲ್ಲವೇ ಇಲ್ಲ. ಇನ್ನು ಮಗ್ಗದ ಪಟ್ಟಿಯನ್ನೂ ಮಂದಿಯ ಪಟ್ಟಿಯನ್ನೂ ಮನೆ ನಂಬರಿನಿಂದ ಕಂಪ್ಯೂಟರಿನಲ್ಲಿ ಕೂಡಿಸಿದಿರೋ, ಎರಡು ಮಗ್ಗ, ಮೂರು ಕೆಲಸಗಾರರಿರುವ ಮನೆ ಆರು ಸಾಲಾಗಿ ಹಿಗ್ಗುತ್ತದೆ. ಆಮೇಲೆ ಕೂಲಿಯ ಸರಾಸರಿ ತೆಗೆದರೆ ದೊಡ್ಡ ಮನೆಗಳದ್ದೇ ಜೋರು. ಪಿಎಚ್‌.ಡಿ. ಮಾಡುವವರೂ ಇಲ್ಲಿ ಎಡವುತ್ತಾರೆ.

ಊರಿನ ಸಾಲಾದರೂ ನಿಂತಲ್ಲೇ ನಿಂತಿದೆಯೇ? 1995-96ರ ಎರಡನೇ ಗಣತಿಯ ಹೊತ್ತಿಗೆ ಇಳಕಲ್‌ನ ನೇಕಾರ ಆಗಿನ ಬಿಜಾಪುರ ಜಿಲ್ಲೆಯವ. ಇಳಕಲ್ ಈಗ ಸೇರಿರುವ ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಮುಂದೆ ಇಳಕಲ್ ಹುನಗುಂದದಿಂದ, ಖಣಕ್ಕೆ ಹೆಸರಾದ ಗುಳೇದಗುಡ್ಡ ಬಾದಾಮಿಯಿಂದ ಕಳಚಿ ಬೇರೆ ತಾಲ್ಲೂಕುಗಳಾದವು. ತಾಲ್ಲೂಕಿನ ಹೆಸರು ನೋಡಿಯೇ ಹಳೆಯ, ಹೊಸ ಪಟ್ಟಿಗಳನ್ನು ಹೋಲಿಸಿದರೆ ಹುನಗುಂದದಲ್ಲೂ ಬಾದಾಮಿಯಲ್ಲೂ ನೇಕಾರಿಕೆ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಹೋಲಿಸುವವರು ಹುನಗುಂದಕ್ಕೆ ಇಳಕಲ್ಲನ್ನೂ ಬಾದಾಮಿಗೆ ಗುಳೇದಗುಡ್ಡವನ್ನೂ ಮೊದಲು ಕೂಡಿಸಿಕೊಳ್ಳಬೇಕು.