ಮೂರು ಪಿಸ್ಟನ್ನಿನ ಹಟ

ಜೋರು ಮಳೆ ನಿಂತ ಮರುದಿನ ಬೆಂಗಳೂರಿನ ತಲಘಟ್ಟಪುರದ ವಾಟರ್ ವಾಶ್ ಶೆಡ್ಡುಗಳಿಗೆ ಸುಗ್ಗಿ. ಹೊಸ ಲೇಔಟುಗಳ ಕೆಮ್ಮಣ್ಣು ಮೆತ್ತಿಕೊಂಡ ಟೆಂಪೊ, ಕಾರು, ಆಟೊಗಳು ಕನಕಪುರ ರಸ್ತೆಯಂಚಿನವರೆಗೂ ಸಾಲುಗಟ್ಟಿರುತ್ತವೆ. ಮೇಲೆ 2021ರ ಜನವರಿಯಿಂದ ಓಡುತ್ತಿರುವ ಹಸಿರು ಮಾರ್ಗದ ಮೆಟ್ರೊ. ಕೆಳಗೆ ತಗಡಿನ ಶೆಡ್ಡಿನ ಮೂಲೆಯಲ್ಲಿ ಟಕಟಕ ಎನ್ನುವ ಪಂಪು. ಬಂದವರ ಕಣ್ಣೆಲ್ಲ ಗನ್ನಿನಿಂದ ಚಿಮ್ಮುವ ನೀರಿನ ಮೇಲೆ. ನೋಡಬೇಕಾದ್ದು ಮಾತ್ರ ಮೂಲೆಯಲ್ಲಿದೆ.

ಮೋಟಾರಿನ ಸಣ್ಣ ಪುಲ್ಲಿಯಿಂದ ಪಂಪಿನ ದೊಡ್ಡ ಪುಲ್ಲಿಗೆ ಬೆಲ್ಟು. ಒಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ, ಕನೆಕ್ಟಿಂಗ್ ರಾಡು ಪಿಸ್ಟನ್ನನ್ನು ಹಿಂದೆಮುಂದೆ ಆಡಿಸುತ್ತದೆ. ಹಿಂದಕ್ಕೆ ಎಳೆದಾಗ ಸಕ್ಷನ್ ವಾಲ್ವು ತೆರೆದು ಸಂಪಿನ ನೀರು ಒಳಬರುತ್ತದೆ. ಮುಂದಕ್ಕೆ ದೂಡಿದಾಗ ಅದು ಮುಚ್ಚಿಕೊಂಡು ಡೆಲಿವರಿ ವಾಲ್ವು ತೆರೆಯುತ್ತದೆ. ಪಿಸ್ಟನ್ ಈ ತುದಿಯಿಂದ ಆ ತುದಿಗೆ ಸಾಗುವ ದೂರವೇ ಸ್ಟ್ರೋಕು. 30 ಮಿ.ಮೀ. ವ್ಯಾಸದ ಮೂರು ಪಿಸ್ಟನ್, 25 ಮಿ.ಮೀ. ಸ್ಟ್ರೋಕು, ನಿಮಿಷಕ್ಕೆ 600 ಸುತ್ತು ಎಂದರೆ ಕಾಗದದ ಮೇಲೆ ಸುಮಾರು 32 ಲೀಟರ್. ವಾಲ್ವು ಮುಚ್ಚುವಷ್ಟರಲ್ಲಿ ಹಿಂದೆ ಜಾರಿದ್ದನ್ನೂ ಪಿಸ್ಟನ್ ಸುತ್ತಲಿನ ಪ್ಯಾಕಿಂಗಿನಲ್ಲಿ ಸೋರಿದ್ದನ್ನೂ ಕಳೆದರೆ ಗನ್ನಿಗೆ ಸಿಗುವುದು ಅದಕ್ಕಿಂತ ಕಡಿಮೆ.

ಪಿಸ್ಟನ್ ಒಂದೇ ಆಗಿದ್ದರೆ ನೀರು ಬಿಟ್ಟು ಬಿಟ್ಟು ಬರುತ್ತಿತ್ತು. ಮೂರನ್ನು 120 ಡಿಗ್ರಿ ಅಂತರದಲ್ಲಿ ಕೂರಿಸಿದ್ದರಿಂದ, ಒಂದೇ ಒರಳಿಗೆ ಮೂವರು ಸರದಿಯಲ್ಲಿ ಒನಕೆ ಹಾಕಿದಂತೆ, ಯಾವುದಾದರೊಂದು ದೂಡುತ್ತಲೇ ಇರುತ್ತದೆ. ಉಳಿದ ಏರಿಳಿತವನ್ನು ನೆತ್ತಿಯ ಮೇಲಿನ ಗುಂಡನೆಯ ಏರ್ ಚೇಂಬರಿನಲ್ಲಿ ಸಿಕ್ಕಿಬಿದ್ದ ಗಾಳಿ ನುಂಗಿಕೊಳ್ಳುತ್ತದೆ.

ಇದೇ ರಸ್ತೆಯಲ್ಲಿ ಇನ್ನೂ ಮುಂದೆ ತಾತಗುಣಿಯ ಪಂಪಿಂಗ್ ಸ್ಟೇಷನ್. ತೊರೆಕಾಡನಹಳ್ಳಿ, ಹಾರೋಹಳ್ಳಿ ದಾಟಿ ಬಂದ ಕಾವೇರಿಯನ್ನು ಊರಿಗೆ ಹತ್ತಿಸುವ ಕೊನೆಯ ಮೆಟ್ಟಿಲು ಅದು. ಅಲ್ಲಿನ ದೈತ್ಯ ಪಂಪುಗಳು ಸೆಂಟ್ರಿಫ್ಯೂಗಲ್ ಜಾತಿ. ಎದುರಿನ ಒತ್ತಡ ಹೆಚ್ಚಾದರೆ ಅಂಥವು ದೂಡುವ ನೀರು ಕಡಿಮೆಯಾಗುತ್ತದೆ. ಶೆಡ್ಡಿನ ಪುಟಾಣಿಗೆ ಆ ಬುದ್ಧಿಯಿಲ್ಲ. ಗನ್ನು ಮುಚ್ಚಿದರೂ ಅಷ್ಟೇ ನೀರು ದೂಡುತ್ತದೆ. ದಾರಿ ಕೊಡದಿದ್ದರೆ ಹೋಸು ಒಡೆಯಬೇಕು, ಇಲ್ಲವೇ ಮೋಟಾರು ಸುಡಬೇಕು. ಅದಕ್ಕೇ ಪಕ್ಕದಲ್ಲೊಂದು ರೆಗ್ಯುಲೇಟರು. ಶೆಡ್ಡಿನ ಹುಡುಗ ಗನ್ನಿನ ಕೈ ಬಿಟ್ಟ ಕ್ಷಣ ಅದರ ಸ್ಪ್ರಿಂಗು ಮಣಿದು, ಸಣ್ಣ ಪೈಪಿನಿಂದ ನೀರು ಭಸ್ಸೆಂದು ಸಂಪಿಗೇ ವಾಪಸು ಬೀಳುತ್ತದೆ. ಪಂಪಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಯಾವುದೆಂದರೆ ನಾನು ತೋರಿಸುವುದು ಈ ಸ್ಪ್ರಿಂಗನ್ನೇ.

ನಾನು ಹೋದ ದಿನ ಮಧ್ಯಾಹ್ನದ ಹೊತ್ತಿಗೆ ಪಂಪಿನ ಒತ್ತಡದ ಗೇಜಿನ ಮುಳ್ಳು ನಡುಗತೊಡಗಿತು. ಹುಡುಗ ಹಿತ್ತಾಳೆಯ ಗ್ರೀಸ್ ಕಪ್ಪುಗಳನ್ನು ಒಂದೊಂದೇ ತಿರುವಿ ಬಿಗಿ ಮಾಡಿದ. ಸೋರಿಕೆ ನಿಲ್ಲಲಿಲ್ಲ. ಆಯಿಲ್ ಗ್ಲಾಸು ನೋಡಿದರೆ ಒಳಗೆ ಮಜ್ಜಿಗೆ ಬಣ್ಣ.

“ಪ್ಯಾಕಿಂಗ್ ಹೋಗಿದೆ ಸಾರ್, ಆಯಿಲ್‌ಗೆ ನೀರು ಸೇರ್ಕೊಂಡಿದೆ” ಎಂದು ಸ್ಪ್ಯಾನರ್ ಎತ್ತಿಕೊಂಡ. ಸಾಲಿನಲ್ಲಿದ್ದ ಟೆಂಪೊದವನು ಎಷ್ಟು ಹೊತ್ತಾಗುತ್ತದೆಂದು ಕೂಗಿ ಕೇಳಿದ.

“ಟೀ ಕುಡ್ಕೊಂಡ್ ಬನ್ನಿ ಅಣ್ಣ. ಅಥವಾ ಊಟಾನೇ ಮುಗಿಸ್ಕೊಂಡ್ ಬನ್ನಿ.”